ಎಮ್ಮಿಗೆ ಬರೋದು ನಮಗ್ಯಾಕ ಬರಂಗಿಲ್ಲ?

ಓದುಗರ ಪ್ರಶ್ನೆ, ಪಶುವೈದ್ಯೆಯ ಉತ್ತರ

ಹೋದ ಸಂಚಿಕೆಯಲ್ಲಿ ನಾಲ್ಕು ಸಾಲಿನ ಒಂದು ಸುದ್ದಿ ಹಾಕಿದ್ದೆ. ಕೀನ್ಯಾದಲ್ಲಿ ನಿದ್ರಾ ರೋಗ ಇನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರ ಆಗಸ್ಟ್‌ನಲ್ಲಿ ದೃಢಪಡಿಸಿತು ಎಂಬ ಸುದ್ದಿ ಅದು. ಕೊನೆಗೆ ‘ಈ ರೋಗಾಣುವಿನ ಹತ್ತಿರದ ಬಳಗ ನಮ್ಮ ಕಡೆಯ ಕೊಟ್ಟಿಗೆಗಳಲ್ಲೂ ಇದೆ’ ಅಂತ ಒಂದು ಸಾಲು ಸೇರಿಸಿದ್ದೇ ತಡ, ಪತ್ರಗಳ ಕಟ್ಟೇ ಬಂತು. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಬೀದರ ಜಿಲ್ಲೆಯ ಪಶು ಆಸ್ಪತ್ರೆಗಳಲ್ಲಿ, ಆಮೇಲೆ ಪ್ರಯೋಗಾಲಯದಲ್ಲಿ ನೌಕರಿ ಮಾಡಿ ನಿವೃತ್ತಳಾದವಳು ನಾನು. ಮನುಷ್ಯರ ಡಾಕ್ಟರ್ ಅಲ್ಲ. ಅದನ್ನು ನೆನಪಿಟ್ಟುಕೊಂಡು ಓದಿರಿ.

*

ಪ್ರಶ್ನೆ: ಮೇಡಂ, ದೀಪಾವಳಿ ಮುಂದ ನಮ್ಮ ಎಮ್ಮಿಗೆ ಜ್ವರ ಬಂತು. ಎರಡು ದಿನ ಬರ್ತಿತ್ತು, ಬಿಡ್ತಿತ್ತು, ಮತ್ತ ಬರ್ತಿತ್ತು. ಹಾಲು ಅರ್ಧಕ್ಕ ಇಳೀತು, ಕಣ್ಣಿನ ಮ್ಯಾಲ ಬೆಳ್ಳಗ ಪೊರಿ ಬಂತು. ಡಾಕ್ಟರು ರಕ್ತ ನೋಡಿ ‘ಸರ್ರಾ’ ಅಂದ್ರು, ಇಂಜೆಕ್ಷನ್ ಮಾಡಿದ್ರು, ಈಗ ಆರಾಮದ. ಆದ್ರ ನೀವು ಬರದದ್ದು ಓದಿ ಮನ್ಯಾಗ ಎಲ್ಲಾರೂ ಹೆದರ್ಯಾರ. ಆಫ್ರಿಕಾದ ನಿದ್ದಿ ರೋಗ ನಮಗೂ ಬರ್ತದೇನ್ರಿ? ಹಾಲು ಕುಡೀಬೇಕೋ ಬ್ಯಾಡೋ?
— ಒಬ್ಬ ರೈತರು, ಔರಾದ್ ತಾಲ್ಲೂಕು

ಮೊದಲು ಹಾಲಿನ ಮಾತು ಮುಗಿಸೋಣ ಅಣ್ಣಾರೇ. ಚೆನ್ನಾಗಿ ಉಕ್ಕಿಸಿ ಕಾಯಿಸಿದ ಹಾಲಿನಿಂದ ಈ ರೋಗ ಬರುವುದಿಲ್ಲ. ಇಂಜೆಕ್ಷನ್ ಆದ ಮೇಲೆ ಎಷ್ಟು ದಿನ ಹಾಲು ಬಳಸಬಾರದು ಎಂಬುದು ಕೊಟ್ಟ ಔಷಧದ ಮೇಲೆ ಇರುತ್ತದೆ. ಅದನ್ನು ಸೂಜಿ ಚುಚ್ಚಿದ ಡಾಕ್ಟರನ್ನೇ ಕೇಳಿರಿ.

ಇನ್ನು ಬಳಗದ ಮಾತು. ಆಫ್ರಿಕಾದ ನಿದ್ರಾ ರೋಗ ತರುವುದು ಟ್ರಿಪನೋಸೋಮಾ ಬ್ರೂಸಿ ಎಂಬ ಏಕಕೋಶ ಜೀವಿ. ನಿಮ್ಮ ಎಮ್ಮೆಯ ರಕ್ತದಲ್ಲಿ ಇದ್ದದ್ದು ಟ್ರಿಪನೋಸೋಮಾ ಇವಾನ್ಸಿ. ನಾವು ಮಾತಿಗೆ ರಕ್ತದ ಹುಳ ಅಂತೇವೆ, ಆದರೆ ಬರಿಗಣ್ಣಿಗೆ ಕಾಣುವ ಹುಳ ಅಲ್ಲ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೂ ಯಾವುದು ಬ್ರೂಸಿ, ಯಾವುದು ಇವಾನ್ಸಿ ಅಂತ ನೋಡಿಯೇ ಹೇಳುವುದು ಕಷ್ಟ, ಅಷ್ಟು ಹತ್ತಿರದವು. ಇವಾನ್ಸಿ ಬ್ರೂಸಿಯಿಂದಲೇ ಕವಲೊಡೆದದ್ದು ಎಂದು ವಂಶವಾಹಿ ಓದಿದವರು ಹೇಳುತ್ತಾರೆ. ಆದರೂ ವಿಜ್ಞಾನದ ಕಣ್ಣಿಗೆ ಮೊದಲು ಬಿದ್ದದ್ದು ಕವಲೇ, ಬೇರಲ್ಲ. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಬ್ರಿಟಿಷ್ ಸೇನೆಯ ಪಶುವೈದ್ಯ, ಈಗ ಪಾಕಿಸ್ತಾನದಲ್ಲಿರುವ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಸರ್ರಾ ಬಂದ ಕುದುರೆ, ಒಂಟೆಗಳ ರಕ್ತದಲ್ಲಿ ಇದನ್ನು ಕಂಡ. ರೋಗ ತರುವುದು ಇದೇ ಅಂದ. ಮೇಲಿನವರು ಒಪ್ಪಲಿಲ್ಲ. ಆಫ್ರಿಕಾದ ಜೂಲೂಲ್ಯಾಂಡಿನ ರೋಗಿಷ್ಠ ದನಗಳಲ್ಲಿ ಡೇವಿಡ್ ಬ್ರೂಸ್ ಎಂಬ ಸೇನೆಯ ವೈದ್ಯ (ಮನುಷ್ಯರ ಡಾಕ್ಟರು) ತನ್ನ ಹೆಸರಿನ ಹುಳ ಕಂಡದ್ದು 1890ರ ದಶಕದಲ್ಲಿ. ಮನುಷ್ಯರ ನಿದ್ರಾ ರೋಗಕ್ಕೂ ಈ ಹುಳಕ್ಕೂ ಇರುವ ನಂಟು ಉಗಾಂಡಾದಲ್ಲಿ ಖಚಿತವಾಗುವ ಹೊತ್ತಿಗೆ 1903 ಬಂದಿತ್ತು. ದನದ ಡಾಕ್ಟರು ಇಪ್ಪತ್ತು ವರ್ಷ ಮುಂದಿದ್ದ ಅಂತ ಹೇಳಿಕೊಳ್ಳುವ ಅವಕಾಶ ನಮ್ಮ ಮಂದಿಗೆ ದಿನಾ ಸಿಗುವುದಿಲ್ಲ, ಹಾಗಾಗಿ ಹೇಳಿಬಿಟ್ಟೆ.

ಆಫ್ರಿಕಾದಲ್ಲಿ ಇದನ್ನು ಹರಡುವುದು ತ್ಸೆತ್ಸೆ ನೊಣ. ಸಹಾರಾ ಮರುಭೂಮಿಯ ಕೆಳಗಿನ ಆಫ್ರಿಕಾ ಬಿಟ್ಟರೆ ಆ ನೊಣದ ನೆಲೆ ಬೇರೆಲ್ಲೂ ಇಲ್ಲ, ನಮ್ಮಲ್ಲಂತೂ ಇಲ್ಲವೇ ಇಲ್ಲ. ನಮ್ಮ ಕಡೆ ಸರ್ರಾ ಹರಡುವುದು ಮಳೆ ಮುಗಿಯುವ ಹೊತ್ತಿಗೆ ಕೆರೆ ದಂಡೆ, ಹೊಳೆ ದಂಡೆ, ಹಿನ್ನೀರಿನ ಕೆಸರಿನಲ್ಲಿ ಏಳುವ ದೊಡ್ಡ ಕಚ್ಚುವ ನೊಣ, ಇಂಗ್ಲಿಷಿನಲ್ಲಿ ಕುದುರೆ ನೊಣ ಅಂತಾರಲ್ಲ, ಅದು. ಅದರ ಕಡಿತಕ್ಕೆ ಎಮ್ಮೆ ಬಾಲ ಬೀಸುತ್ತದೆ, ಅರ್ಧ ಕುಡಿದ ನೊಣ ಹಾರಿ ಪಕ್ಕದ ದನದ ಮೇಲೆ ಕೂತು ಊಟ ಮುಂದುವರಿಸುತ್ತದೆ. ಬಾಯಿಗೆ ಮೆತ್ತಿದ ಹಸಿ ರಕ್ತದ ಜೊತೆ ಹುಳ ದಾಟುತ್ತದೆ. ಅಷ್ಟೇ. ಹುಳ ಆ ನೊಣದ ಹೊಟ್ಟೆಯಲ್ಲಿ ಬೆಳೆಯುವುದಿಲ್ಲ, ಬಾಯಲ್ಲೂ ಹೆಚ್ಚು ಹೊತ್ತು ಬದುಕುವುದಿಲ್ಲ. ಜ್ವರ ಬಂದ ದನವನ್ನು ಉಳಿದವುಗಳಿಂದ ದೂರ ಕಟ್ಟಿರಿ ಅಂತ ನಾವು ಬಡಕೊಳ್ಳುವುದು ಇದಕ್ಕೇ.

ಅದೇ ನೊಣ ನಿಮ್ಮನ್ನೂ ಕಚ್ಚುತ್ತದಲ್ಲ, ನಿಮಗ್ಯಾಕೆ ಬರುವುದಿಲ್ಲ? ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ ಪ್ರಶ್ನೆ ಇದು. ಮನುಷ್ಯನ ರಕ್ತದ ತಿಳಿ ಇಂಥ ಹುಳಗಳನ್ನು ಕೊಲ್ಲುತ್ತದೆ ಎಂದು ಲಾವರಾನ್ ಎಂಬ ಫ್ರೆಂಚ್ ವಿಜ್ಞಾನಿ 1902ರಲ್ಲೇ ಗಮನಿಸಿದ್ದ. ಯಾಕೆ ಎಂಬುದಕ್ಕೆ ನೂರು ವರ್ಷ ಹಿಡಿಯಿತು. ನಮ್ಮ ರಕ್ತದಲ್ಲಿ ‘ಒಳ್ಳೆಯ ಕೊಲೆಸ್ಟ್ರಾಲ್’ ಅಂತ ಡಾಕ್ಟರು ಹೇಳುವ ಎಚ್‌ಡಿಎಲ್ ಕಣಗಳ ಜೊತೆ ಎಪಿಒಎಲ್1 ಎಂಬ ಒಂದು ಪ್ರೋಟೀನ್ ತಿರುಗಾಡುತ್ತದೆ. ಹುಳಕ್ಕೆ ಕಬ್ಬಿಣಾಂಶದ ಹಸಿವು. ಅದನ್ನು ನುಂಗಲು ಬಾಯಿ ತೆರೆದಾಗ ಈ ಪ್ರೋಟೀನೂ ಒಳಗೆ ಹೋಗುತ್ತದೆ. ಒಳಗೆ ಪೊರೆಗೆ ತೂತು ಕೊರೆಯುತ್ತದೆ, ಹುಳ ಉಬ್ಬಿ ಒಡೆಯುತ್ತದೆ. ಹುಳವನ್ನು ಕೊಲ್ಲುವುದು ಈ ಪ್ರೋಟೀನೇ ಎಂದು ಬ್ರಸೆಲ್ಸ್‌ನ ಎಟಿಯೆನ್ ಪೇಸ್ ತಂಡ 2003ರಲ್ಲಿ ತೋರಿಸಿತು. ಎಮ್ಮೆ, ಆಕಳು, ಕುದುರೆ, ನಾಯಿಗಳಲ್ಲಿ ಈ ಪ್ರೋಟೀನ್ ಇಲ್ಲ. ಆಫ್ರಿಕಾದ ಬ್ರೂಸಿಯ ಎರಡು ಉಪಜಾತಿಗಳು ಮಾತ್ರ ಇದಕ್ಕೆ ಬೇರೆ ಬೇರೆ ಪ್ರತಿ ಉಪಾಯ ಕಂಡುಕೊಂಡಿವೆ. ಹಾಗಾಗಿ ಅವು ಮನುಷ್ಯನಲ್ಲಿ ಬದುಕುತ್ತವೆ. ನಮ್ಮ ಇವಾನ್ಸಿಗೆ ಆ ಉಪಾಯ ಗೊತ್ತಿಲ್ಲ.

ಇದು ಬರೀ ಲೆಕ್ಕಾಚಾರದ ಮಾತಲ್ಲ ಎಂಬುದಕ್ಕೆ ಸಾಕ್ಷಿ ನಮ್ಮ ನೆರೆರಾಜ್ಯದಲ್ಲೇ ಸಿಕ್ಕಿತು. 2004ರಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಒಬ್ಬ ರೈತರಿಗೆ ತಿಂಗಳುಗಟ್ಟಲೆ ಬಂದು ಹೋಗುವ ಜ್ವರ. ರಕ್ತ ನೋಡಿದರೆ ಮಲೇರಿಯಾ ಅಲ್ಲ, ಟ್ರಿಪನೋಸೋಮಾ ಇವಾನ್ಸಿ! ಸುರಾಮಿನ್ ಎಂಬ ಹಳೆಯ ಔಷಧ ಕೊಟ್ಟು ಗುಣಪಡಿಸಿದರು. ಆಮೇಲೆ ವಿಜ್ಞಾನಿಗಳು ಅವರ ರಕ್ತ ಪರೀಕ್ಷಿಸಿದಾಗ, ತಾಯಿಯಿಂದ ಬಂದ ಎಪಿಒಎಲ್1 ವಂಶವಾಹಿಯೂ ಕೆಟ್ಟಿತ್ತು, ತಂದೆಯಿಂದ ಬಂದದ್ದೂ ಕೆಟ್ಟಿತ್ತು. ಪ್ರೋಟೀನ್ ತಯಾರಾಗುತ್ತಲೇ ಇರಲಿಲ್ಲ. ಪ್ರಯೋಗಾಲಯದಲ್ಲಿ ಮಾಡಿದ ಎಪಿಒಎಲ್1 ಅನ್ನು ಅವರ ರಕ್ತದ ತಿಳಿಗೆ ಬೆರೆಸಿದರು, ಹುಳ ಸಾಯತೊಡಗಿತು. 2006ರಲ್ಲಿ ಪ್ರಕಟವಾದ ಆ ವರದಿಗಿಂತ ಅಚ್ಚುಕಟ್ಟಾದ ಪುರಾವೆಯನ್ನು ಈ ವಿಷಯದಲ್ಲಿ ನಾನು ಓದಿಲ್ಲ. ಅವರ ಊರಿನ ಸುಮಾರು 1,800 ಜನರ ರಕ್ತವನ್ನೂ ನೋಡಿದರು. ಹಲವರಲ್ಲಿ ಹುಳದ ವಿರುದ್ಧ ಪ್ರತಿಕಾಯ ಇತ್ತು, ಅಂದರೆ ಹುಳದ ಸಂಪರ್ಕ ಆಗಿತ್ತು. ಹುಳ ಮಾತ್ರ ಒಬ್ಬರ ರಕ್ತದಲ್ಲೂ ಸಿಗಲಿಲ್ಲ.

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ವಿಯೆಟ್ನಾಂನಲ್ಲಿ ಈ ಪ್ರೋಟೀನ್ ಸರಿಯಿದ್ದ ಒಬ್ಬ ಹೆಣ್ಣುಮಗಳಿಗೂ ಇವಾನ್ಸಿ ತಗುಲಿದ್ದು 2016ರಲ್ಲಿ ವರದಿಯಾಗಿದೆ. ಹಸಿ ಮಾಂಸ ಕೊಯ್ಯುವಾಗ ಕೈಗೆ ಗಾಯವಾಗಿತ್ತು. ಹಾಗಾಗಿ ಕಾಯಿಲೆ ದನದ ರಕ್ತ ಗಾಯಕ್ಕೆ ತಾಕದಂತೆ ನೋಡಿಕೊಳ್ಳಿರಿ. ಅದರಾಚೆ ಹೆದರಿಕೆಗೆ ಕಾರಣ ಇಲ್ಲ.

*

ಪ್ರಶ್ನೆ: ನಮ್ಮ ಮನೆಯವರು ಮಧ್ಯಾಹ್ನ ರೊಟ್ಟಿ ಉಂಡು ಮಲಗಿದರೆ ಐದಕ್ಕೆ ಏಳುತ್ತಾರೆ. ಇದೂ ಅದೇ ರೋಗವೇ?
— ಒಬ್ಬ ಗೃಹಿಣಿ, ಚಿತ್ತಾಪುರ

ಮೇ ತಿಂಗಳ ಚಿತ್ತಾಪುರವಾದರೆ ಅಲ್ಲ ತಂಗಿ. ಜನವರಿಯಲ್ಲೂ ಹಾಗೇ ಮಲಗಿದರೆ ಸಕ್ಕರೆ ಕಾಯಿಲೆ, ಥೈರಾಯ್ಡ್ ಪರೀಕ್ಷೆ ಮಾಡಿಸಿರಿ.

*

ಪ್ರಶ್ನೆ: ಈ ರೋಗ ಬಂದವರು ನಿಜವಾಗಿ ಸದಾ ನಿದ್ದೆ ಮಾಡುತ್ತಲೇ ಇರುತ್ತಾರೆಯೇ?
— ಒಬ್ಬ ಗ್ರಂಥಪಾಲಕರು, ಸೇಡಂ

ಇಲ್ಲ. ರೋಗಿ ಇಪ್ಪತ್ನಾಲ್ಕು ಗಂಟೆಯಲ್ಲಿ ಮಾಡುವ ಒಟ್ಟು ನಿದ್ದೆ ಬಹಳ ಹೆಚ್ಚುವುದಿಲ್ಲ, ಚೆಲ್ಲಾಪಿಲ್ಲಿ ಆಗುತ್ತದೆ. ಹಗಲು ಮಾತಾಡುತ್ತಾ ಮಾತಾಡುತ್ತಾ ತೂಗುತ್ತಾರೆ, ರಾತ್ರಿ ಕಣ್ಣಿಗೆ ಕಣ್ಣು ಹತ್ತುವುದಿಲ್ಲ. ಹುಳ ಮೊದಲು ರಕ್ತ, ದುಗ್ಧರಸದಲ್ಲಿ ಇದ್ದು ಆಮೇಲೆ ಮಿದುಳಿನ ಕಡೆ ಹೋದಾಗ ಇದೆಲ್ಲ ಶುರುವಾಗುತ್ತದೆ. ಇಲಿಗಳ ಮೇಲೆ ಮಾಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ ಹುಳ ದೇಹದ ಒಳಗಿನ ಹಗಲು-ರಾತ್ರಿಯ ಗಡಿಯಾರವನ್ನೇ ಹಿಂದುಮುಂದು ಮಾಡುತ್ತದೆ. ಮನೆಯವರ ಗಮನಕ್ಕೆ ಬರುವುದು ಮಾತ್ರ ಸ್ವಭಾವ ಬದಲಾಗುವುದು: ವಿನಾಕಾರಣ ಸಿಟ್ಟು, ಗೊಂದಲ, ತಾಳತಪ್ಪಿದ ನಡಿಗೆ. ತಲೆ ಕೆಟ್ಟಿದೆ ಅಂತ ತಿಳಿದು ದೇವರು ದಿಂಡರು ಎಂದು ಅಲೆದಾಡಿ, ಕೊನೆಗೆ ಆಸ್ಪತ್ರೆಗೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಚಿಕಿತ್ಸೆ ಸಿಗದಿದ್ದರೆ ಸಾಮಾನ್ಯವಾಗಿ ಸಾವೇ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಗ್ಯಾಂಬಿಯೆನ್ಸ್ ಬಗೆಯಲ್ಲಿ ಇದಕ್ಕೆ ವರ್ಷಗಳೇ ಹಿಡಿಯಬಹುದು. ಪೂರ್ವ ಆಫ್ರಿಕಾದ ರೊಡೇಸಿಯೆನ್ಸ್ ಬಗೆಯಲ್ಲಿ ವಾರಗಳು, ತಿಂಗಳುಗಳಲ್ಲಿ ಮುಗಿದುಹೋಗುತ್ತದೆ.

*

ಪ್ರಶ್ನೆ: ಮೇಡಂ, ನಾನು ಪಿಯುಸಿ ವಿಜ್ಞಾನ ವಿದ್ಯಾರ್ಥಿನಿ. ಕೊರೋನಾಕ್ಕೆ ಒಂದೇ ವರ್ಷದಲ್ಲಿ ಲಸಿಕೆ ಬಂತು. ನೂರು ವರ್ಷದಿಂದ ಗೊತ್ತಿರುವ ಈ ರೋಗಕ್ಕೆ ಯಾಕಿಲ್ಲ? ಬಡವರ ರೋಗ ಅಂತಲೇ?
— ಕಲಬುರಗಿ

ಬಡವರ ರೋಗ ಎಂಬ ಕಾರಣ ಔಷಧದ ಕಥೆಯಲ್ಲಿ ಬರುತ್ತದೆ ಪುಟ್ಟಿ, ಕೆಳಗೆ ಇನ್ನೊಬ್ಬರು ಕೇಳಿದ್ದಾರೆ. ಲಸಿಕೆ ಇಲ್ಲದ್ದಕ್ಕೆ ಮುಖ್ಯ ಕಾರಣ ಹುಳವೇ.

ಈ ಕಥೆಯ ಮೊದಲ ಪುಟದಲ್ಲಿ ನಿನಗೆ ಗೊತ್ತಿರುವ ಒಬ್ಬ ಮನುಷ್ಯ ಇದ್ದಾನೆ. 1897ರಲ್ಲಿ ನಮ್ಮ ಪಕ್ಕದ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆ ಕೊಯ್ದು ಮಲೇರಿಯಾದ ಗುಟ್ಟು ಹಿಡಿದ ರೊನಾಲ್ಡ್ ರಾಸ್. ಅವನೇ 1910ರಲ್ಲಿ ಲಿವರ್‌ಪೂಲಿನಲ್ಲಿ ಡೇವಿಡ್ ಥಾಮ್ಸನ್ ಜೊತೆ ಒಬ್ಬ ನಿದ್ರಾ ರೋಗಿಯ ರಕ್ತದಲ್ಲಿ ದಿನಾ ಎಷ್ಟು ಹುಳ ಇವೆ ಎಂದು ಎಣಿಸುತ್ತಾ ಹೋದ. ಬೇಸರದ ಕೆಲಸ, ನಾನು ಮಾಡಿ ಬಲ್ಲೆ. ಆ ಲೆಕ್ಕವನ್ನು ಗೆರೆಯಾಗಿ ಎಳೆದಾಗ ಅಲೆ ಕಂಡಿತು: ಹುಳ ಏರುತ್ತದೆ, ಬಹುತೇಕ ಮಾಯವಾಗುತ್ತದೆ, ಕೆಲವು ದಿನ ಬಿಟ್ಟು ಮತ್ತೆ ಏರುತ್ತದೆ. ಔರಾದಿನ ಆ ಎಮ್ಮೆಯ ಜ್ವರ ಬಂದು ಹೋಗುತ್ತಿದ್ದದ್ದೂ ಇದೇ ಲೆಕ್ಕದಲ್ಲಿ.

ಅಲೆ ಯಾಕೆ? ಹುಳದ ಮೈಮೇಲೆ ಒಂದೇ ಬಗೆಯ ಪ್ರೋಟೀನಿನ ದಟ್ಟ ಹೊದಿಕೆ ಇರುತ್ತದೆ. ಒಂದು ಹುಳದ ಮೇಲೆ ಸುಮಾರು 1 ಕೋಟಿ ಅಣು. ನಮ್ಮ ದೇಹ ಆ ಹೊದಿಕೆಯನ್ನು ಗುರುತಿಟ್ಟುಕೊಂಡು ಪ್ರತಿಕಾಯ ತಯಾರಿಸಿ ದಂಡು ಕಟ್ಟಿ ಹೊಡೆಯುತ್ತದೆ, ಹೆಚ್ಚಿನವು ಸಾಯುತ್ತವೆ. ಆದರೆ ಅಷ್ಟರೊಳಗೆ ಕೆಲವು ಹುಳ ಹೊದಿಕೆ ಬದಲಿಸಿಕೊಂಡಿರುತ್ತವೆ. ನಮ್ಮೂರ ಓಣಿಗೆ ಬರುವ ಹಗಲುವೇಷದವರನ್ನು ನೋಡಿದ್ದೀಯಲ್ಲ, ಇವತ್ತು ರಾಮ, ನಾಳೆ ಹನುಮಂತ, ನಾಡಿದ್ದು ಶಕುನಿ. ಒಳಗಿನ ಮನುಷ್ಯ ಅವನೇ. ದೇಹ ಹೊಸ ವೇಷಕ್ಕೆ ಹೊಸ ಪ್ರತಿಕಾಯ ಮಾಡುವಷ್ಟರಲ್ಲಿ ಇನ್ನೊಂದು ವೇಷ. 2005ರಲ್ಲಿ ಇದರ ಪೂರ್ತಿ ಜೀನೋಮ್, ಅಂದರೆ ವಂಶವಾಹಿಗಳ ಇಡೀ ಗ್ರಂಥ, ಓದಿ ಮುಗಿಸಿದಾಗ ಸುಮಾರು 9,000 ವಂಶವಾಹಿಗಳು ಕಂಡವು. ಹೊದಿಕೆಯ ನಕಾಶೆಗಳೇ, ಮುರಿದವು ತುಂಡಾದವು ಎಲ್ಲ ಸೇರಿ, ಸಾವಿರಗಟ್ಟಲೆ. ಮುರಿದ ಚೂರುಗಳನ್ನೂ ಹುಳ ಬಿಸಾಡುವುದಿಲ್ಲ, ಜೋಡಿಸಿ ಹೊಸದು ಮಾಡುತ್ತದೆ. ಒಂದು ಸಲಕ್ಕೆ ಒಂದನ್ನೇ ಹೊರಗೆ ತೋರಿಸುತ್ತದೆ. ಹಾಗಿದ್ದಾಗ ಲಸಿಕೆಯಲ್ಲಿ ಯಾವ ಹೊದಿಕೆ ಹಾಕುತ್ತೀ?

ಇನ್ನೂ ಒಂದು ತೊಡಕು ಇದೆ. ಹುಳ ಇರುವುದು ರಕ್ತ, ದುಗ್ಧರಸ, ಆಮೇಲೆ ಮಿದುಳಿನ ಕಡೆ, ಅಷ್ಟೇ ಅಂತ ನಾವು ಓದಿದ್ದೆವು. 2016ರಲ್ಲಿ ಎರಡು ಅಧ್ಯಯನ ಬಂದವು. ಒಂದು ಇಲಿಯ ಕೊಬ್ಬಿನಲ್ಲಿ ರಾಶಿ ಹುಳ ತೋರಿಸಿತು, ಇನ್ನೊಂದು ಚರ್ಮದಲ್ಲಿ ತೋರಿಸಿತು. ಆಫ್ರಿಕಾದಲ್ಲಿ ಹಿಂದೆ ತೆಗೆದಿಟ್ಟಿದ್ದ ಮನುಷ್ಯರ ಚರ್ಮದ ಮಾದರಿಗಳಲ್ಲೂ ಹುಳ ಸಿಕ್ಕಿತು. ರಕ್ತ ಪರೀಕ್ಷೆಯಲ್ಲಿ ‘ಇಲ್ಲ’ ಅಂತ ಬಂದವನ ಚರ್ಮದಿಂದಲೂ ನೊಣ ಹುಳ ಹೀರಬಹುದು ಎಂದಾಯಿತು. ರೋಗ ಪೂರ್ತಿ ಹೋಯಿತು ಅಂತ ಯಾವ ದೇಶವೂ ಕೈ ತೊಳೆದುಕೊಂಡು ಕೂರುವಂತಿಲ್ಲ.

*

ಪ್ರಶ್ನೆ: ಬೀದರ ಊರ ಹೊರಗೆ ಹಬ್ಶಿ ಕೋಟ್ ಇದೆ, ಅಬಿಸೀನಿಯಾ (ಈಗಿನ ಇಥಿಯೋಪಿಯಾ) ಮೂಲದ ಸರದಾರರ ಗೋರಿಗಳಿವೆ. ಬಹಮನಿ ಕಾಲದಲ್ಲಿ ಆಫ್ರಿಕಾದಿಂದ ಅಷ್ಟು ಜನ ಬಂದರಲ್ಲ, ಅವರ ಜೊತೆ ನಿದ್ರಾ ರೋಗ ಯಾಕೆ ಬರಲಿಲ್ಲ?
— ನಿವೃತ್ತ ಶಿಕ್ಷಕರು, ಬೀದರ

ಗುರುಗಳೇ, ಬಂದ ಒಬ್ಬಿಬ್ಬರಲ್ಲಿ ಹುಳ ಇದ್ದರೂ ಅದು ಅವರಲ್ಲೇ ಮುಗಿಯುತ್ತಿತ್ತು, ದಾಟಿಸುವ ನೊಣ ಇಲ್ಲಿ ಇರಲಿಲ್ಲ. ಅದೂ ಅಲ್ಲದೆ ಅಬಿಸೀನಿಯಾದ ಎತ್ತರದ ನಾಡಿನ ಬಹುಭಾಗದಲ್ಲಿ ತ್ಸೆತ್ಸೆ ನೊಣದ ಕಾಟ ಇಲ್ಲ. ಅಟ್ಲಾಂಟಿಕ್ ಗುಲಾಮರ ವ್ಯಾಪಾರದ ಚರಿತ್ರೆ ಇದಕ್ಕೆ ಒಳ್ಳೆಯ ಸಾಕ್ಷಿ. ಪಶ್ಚಿಮ ಆಫ್ರಿಕಾದಿಂದ ಲಕ್ಷಾಂತರ ಜನರನ್ನು ಹಡಗಿನಲ್ಲಿ ತುಂಬಿ ಅಮೆರಿಕಾ ಖಂಡಕ್ಕೆ ಸಾಗಿಸಿದರು, ಅವರಲ್ಲಿ ರೋಗಿಗಳೂ ಇದ್ದರು. ಸಿಯೆರಾ ಲಿಯೋನ್‌ನಲ್ಲಿದ್ದ ವೈದ್ಯ ಥಾಮಸ್ ವಿಂಟರ್‌ಬಾಟಮ್ 1803ರಲ್ಲಿ ಬರೆದದ್ದು ಇದೆ: ಕತ್ತಿನ ಹಿಂಭಾಗದಲ್ಲಿ ಗಡ್ಡೆ ಊದಿದವರನ್ನು ಗುಲಾಮರ ವ್ಯಾಪಾರಿಗಳು ಕೊಳ್ಳುತ್ತಿರಲಿಲ್ಲ. ವೈದ್ಯಕೀಯ ವಿದ್ಯಾರ್ಥಿಗಳು ಇವತ್ತಿಗೂ ಅದನ್ನು ಅವನ ಹೆಸರಿನ ಲಕ್ಷಣ ಅಂತ ಓದುತ್ತಾರೆ. ಲಕ್ಷಣ ಗೊತ್ತಿದ್ದದ್ದು ವ್ಯಾಪಾರಿಗಳಿಗೆ, ಹೆಸರು ಬಂದದ್ದು ವೈದ್ಯನಿಗೆ! ಇಷ್ಟಾದರೂ ನೊಣ ಇಲ್ಲದ ಅಮೆರಿಕಾದಲ್ಲಿ ಆ ರೋಗ ಬೇರೂರಲಿಲ್ಲ.

ತಿರುಗಿ ನೋಡಿದರೆ ನಮ್ಮ ಸರ್ರಾದ ಚತುರತೆ ತಿಳಿಯುತ್ತದೆ. ತ್ಸೆತ್ಸೆ ನೊಣದೊಳಗೆ ಬದುಕಲು ಹುಳಕ್ಕೆ ತನ್ನ ಮೈಟೊಕಾಂಡ್ರಿಯಾದ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗದ, ಡಿಎನ್ಎ ಬೇಕು. ಇವಾನ್ಸಿ ಅದರ ಮುಖ್ಯ ಭಾಗವನ್ನೇ ಕಳೆದುಕೊಂಡಿದೆ. ತ್ಸೆತ್ಸೆಯೊಳಗೆ ಇನ್ನು ಬೆಳೆಯಲಾರದು, ಆದರೆ ತ್ಸೆತ್ಸೆಯ ಹಂಗೂ ತಪ್ಪಿತು. ಕಚ್ಚುವ ಯಾವ ನೊಣವಾದರೂ ನಡೆಯುತ್ತದೆ. ಒಂಟೆ, ಕುದುರೆಗಳ ಬೆನ್ನು ಹತ್ತಿ ಉತ್ತರ ಆಫ್ರಿಕಾ, ಏಷ್ಯಾ, ದಕ್ಷಿಣ ಅಮೆರಿಕಾ ಎಲ್ಲ ಕಡೆ ಹೋಯಿತು.

*

ಪ್ರಶ್ನೆ: ನನ್ನ ಮಗ ಮಿಲಿಟರಿಯಲ್ಲಿದ್ದಾನೆ, ಶಾಂತಿಪಡೆಯ ಜೊತೆ ಕಾಂಗೋಕ್ಕೆ ಹೋಗುವವನಿದ್ದಾನೆ. ಅಲ್ಲಿ ಈ ರೋಗ ಹೆಚ್ಚು ಅಂತ ಓದಿ ಎದೆ ಒಡೆದಂಗಾಗಿದೆ.
— ಒಬ್ಬ ತಾಯಿ, ಶಹಾಪುರ

ಅವ್ವಾರೇ, ಸಮಾಧಾನ ಮಾಡಿಕೊಳ್ಳಿರಿ. ಜಗತ್ತಿನ ನಿದ್ರಾ ರೋಗಿಗಳಲ್ಲಿ ಹೆಚ್ಚಿನವರು ಕಾಂಗೋದವರೇ ಎಂಬುದು ನಿಜ, ಆದರೆ ಈಗ ಇಡೀ ಜಗತ್ತಿನಲ್ಲೇ ವರ್ಷಕ್ಕೆ ಒಂದು ಸಾವಿರಕ್ಕಿಂತ ಕಡಿಮೆ. ಅವರೂ ಹೆಚ್ಚಾಗಿ ದೂರದ ಹಳ್ಳಿಗಳಲ್ಲಿ ಹೊಳೆ ದಂಡೆ, ಕಾಡಂಚಿನಲ್ಲಿ ಬದುಕು ಮಾಡುವವರು. ನಿಮ್ಮ ಮಗ ಹೆಚ್ಚು ಹೆದರಬೇಕಾದದ್ದು ಮಲೇರಿಯಾಕ್ಕೆ. ಸೇನೆ ಕೊಡುವ ಮಲೇರಿಯಾ ಗುಳಿಗೆ ತಪ್ಪಿಸಬೇಡ ಅಂತ ಹೇಳಿರಿ. ತ್ಸೆತ್ಸೆ ನೊಣ ಹಗಲಲ್ಲಿ ಕಚ್ಚುತ್ತದೆ, ತೆಳು ಬಟ್ಟೆಯ ಮೇಲಿಂದಲೂ ಕಚ್ಚುತ್ತದೆ, ಚಲಿಸುವ ಗಾಡಿಯ ಹಿಂದೆ ಬರುತ್ತದೆ. ನೀಲಿ ಮತ್ತು ಕಪ್ಪು ಬಣ್ಣ ಅದಕ್ಕೆ ಬಲು ಇಷ್ಟ. ಅದಕ್ಕೇ ಅಲ್ಲಿ ಹೊಳೆ ದಂಡೆಗಳಲ್ಲಿ ಕೀಟನಾಶಕ ಹಚ್ಚಿದ ಪುಟ್ಟ ನೀಲಿ ಬಟ್ಟೆಯ ಫಲಕಗಳನ್ನು ನೆಡುತ್ತಾರೆ, ಬಂದು ಕೂತ ನೊಣ ಸಾಯುತ್ತದೆ. ದಪ್ಪ ಬಟ್ಟೆ, ತುಂಬು ತೋಳು, ಮಣ್ಣಿನ ಬಣ್ಣ ಒಳ್ಳೆಯದು. ಊರಿಗೆ ಬಂದ ಮೇಲೆ ಜ್ವರ ಬಂದರೆ ಡಾಕ್ಟರಿಗೆ ಮೊದಲ ಮಾತೇ ‘ಕಾಂಗೋದಲ್ಲಿದ್ದೆ’ ಅಂತ ಹೇಳಬೇಕು. ಹೇಳದಿದ್ದರೆ ಯಾದಗಿರಿಯಲ್ಲಿ ಯಾವ ಡಾಕ್ಟರಿಗೂ ಇದು ನೆನಪಾಗುವುದಿಲ್ಲ.

*

ಪ್ರಶ್ನೆ: ಹೆಂಗಸರ ಮುಖದ ಕೂದಲು ಕಡಿಮೆ ಮಾಡುವ ಕ್ರೀಮೂ ನಿದ್ರಾ ರೋಗದ ಔಷಧವೂ ಒಂದೇ ಅಂತ ಔಷಧ ಪ್ರತಿನಿಧಿಯೊಬ್ಬರು ಹೇಳಿದರು. ನಂಬಲಾಗಲಿಲ್ಲ.
— ಮೆಡಿಕಲ್ ಅಂಗಡಿಯವರು, ಕಲಬುರಗಿ ಸೂಪರ್ ಮಾರ್ಕೆಟ್

ನಂಬಿರಿ. ಅದಕ್ಕೆ ಮುಂಚಿನ ಕಥೆ ಕೇಳಿದರೆ ಇನ್ನೂ ಕಷ್ಟವಾಗುತ್ತದೆ.

ಮಿದುಳಿಗೆ ಹೋದ ನಿದ್ರಾ ರೋಗಕ್ಕೆ 1949ರಿಂದ ದಶಕಗಳ ಕಾಲ ಮುಖ್ಯ ಔಷಧ ಮೆಲಾರ್ಸೊಪ್ರಾಲ್. ಮೂಲ ವಸ್ತು ಪಾಷಾಣ, ಅಂದರೆ ಆರ್ಸೆನಿಕ್. ರಕ್ತನಾಳಕ್ಕೆ ಚುಚ್ಚಿದರೆ ಬೆಂಕಿ ಹರಿದಂತಾಗುತ್ತದೆ ಅಂತ ರೋಗಿಗಳು ಹೇಳುತ್ತಿದ್ದರು. ಅದನ್ನು ಕರಗಿಸಿದ ದ್ರವ ಪ್ಲಾಸ್ಟಿಕ್ ಸಿರಿಂಜನ್ನೇ ತಿನ್ನುತ್ತಿತ್ತು, ಗಾಜಿನದೇ ಬೇಕು. ಚಿಕಿತ್ಸೆ ಪಡೆದ ನೂರು ಜನರಲ್ಲಿ ಸುಮಾರು ಐದು ಜನ ಔಷಧದಿಂದಲೇ ಸಾಯುತ್ತಿದ್ದರು. ಕೊಡದಿದ್ದರೆ ನೂರಕ್ಕೆ ನೂರು ಎಂಬ ಲೆಕ್ಕದಲ್ಲಿ ಕೊಡುತ್ತಿದ್ದರು. ನಾನು ಒಂದು ಎಮ್ಮೆಗೆ ಅಂಥ ಔಷಧ ಕೊಡುವ ಮುಂಚೆ ನಾಲ್ಕು ಸಲ ಯೋಚಿಸುತ್ತಿದ್ದೆ.

ಆಮೇಲೆ ಬಂದದ್ದು ಎಫ್ಲಾರ್ನಿಥಿನ್. ಕ್ಯಾನ್ಸರಿಗೆಂದು ಹುಡುಕಿದ್ದು, ಅಲ್ಲಿ ನಡೆಯಲಿಲ್ಲ, ಗ್ಯಾಂಬಿಯೆನ್ಸ್ ನಿದ್ರಾ ರೋಗಕ್ಕೆ ಕೆಲಸ ಮಾಡಿತು. ಪ್ರಜ್ಞೆ ತಪ್ಪಿ ಮಲಗಿದವರು ಎದ್ದು ಕೂತರು. 1990ರಲ್ಲಿ ಅಮೆರಿಕಾದಲ್ಲಿ ಅನುಮತಿ ಸಿಕ್ಕಿತು. ಆದರೆ ಕೊಳ್ಳುವವರ ಕೈಯಲ್ಲಿ ಕಾಸಿಲ್ಲ, ತಯಾರಿಕೆ ನಿಂತುಹೋಯಿತು. 2000ದಲ್ಲಿ ಅದೇ ಅಣು ಮುಖದ ಕೂದಲಿನ ಕ್ರೀಮಾಗಿ ಮಾರುಕಟ್ಟೆಗೆ ಬಂತು. ಆಗ ವೈದ್ಯರ ಸ್ವಯಂಸೇವಾ ಸಂಸ್ಥೆಗಳೂ ವಿಶ್ವ ಆರೋಗ್ಯ ಸಂಸ್ಥೆಯೂ ಒತ್ತಡ ಹಾಕಿದವು, 2001ರಿಂದ ಕಂಪನಿ ಔಷಧವನ್ನು ದಾನವಾಗಿ ಕೊಡತೊಡಗಿತು. ಕ್ರೀಮಿಗೆ ಬೈಯುವುದು ಸುಲಭ. ನನ್ನ ಲೆಕ್ಕದಲ್ಲಿ ತಪ್ಪು ಕ್ರೀಮಿನದಲ್ಲ. ಹಣ ಕೊಡುವವರಿದ್ದರೆ ಮಾತ್ರ ಔಷಧ ಎಂಬ ಲೆಕ್ಕ ಇದೆಯಲ್ಲ, ತಪ್ಪು ಅದರದು.

ಹಾಗಂತ ಎಫ್ಲಾರ್ನಿಥಿನ್ ಕೊಡುವುದೂ ಸುಲಭವಿರಲಿಲ್ಲ. ಒಂಟಿಯಾಗಿ ಕೊಟ್ಟರೆ ದಿನಕ್ಕೆ ನಾಲ್ಕು ಸಲದಂತೆ ಹದಿನಾಲ್ಕು ದಿನ ಸಲೈನ್ ಮೂಲಕ ಏರಿಸಬೇಕು. ಕರೆಂಟಿಲ್ಲದ ಹಳ್ಳಿ ದವಾಖಾನೆಗೆ ಸಲೈನ್ ಬಾಟಲಿಗಳನ್ನು ಹೊತ್ತು ತಲುಪಿಸುವುದೇ ಒಂದು ಸಾಹಸ. 2009ರಿಂದ ನಿಫರ್ಟಿಮಾಕ್ಸ್ ಗುಳಿಗೆ ಜೊತೆ ಸೇರಿಸಿ ಏರಿಸುವ ಸಲಗಳನ್ನು ಇಳಿಸಿದರು. 2018ರಲ್ಲಿ ಫೆಕ್ಸಿನಿಡಜೋಲ್ ಬಂತು: ಹತ್ತು ದಿನ, ಊಟದ ಜೊತೆ ಗುಳಿಗೆ, ಅಷ್ಟೇ. ಇದೂ ಒಂದು ಕಂಪನಿ 1980ರ ದಶಕದಲ್ಲಿ ಕಪಾಟಿಗೆ ತಳ್ಳಿಬಿಟ್ಟಿದ್ದ ಅಣು. ಲಾಭದ ಹಂಗಿಲ್ಲದ ಡಿಎನ್‌ಡಿಐ ಎಂಬ ಸಂಸ್ಥೆ ಹುಡುಕಿ ಹೊರತೆಗೆಯಿತು. ಈಗ ಅಕೋಜಿಬೊರೋಲ್ ಎಂಬ ಇನ್ನೊಂದರ ಸರದಿ, ಮೂರು ಗುಳಿಗೆ, ಒಂದೇ ಸಲ. ಕಾಂಗೋ ಮತ್ತು ಗಿನಿಯ 208 ರೋಗಿಗಳ ಮೇಲೆ ಮಾಡಿದ ಪರೀಕ್ಷೆ 2022ರಲ್ಲಿ ಪ್ರಕಟವಾಯಿತು. ರೋಗ ಮುಂದುವರಿದಿದ್ದವರಲ್ಲೂ ನೂರಕ್ಕೆ ಸುಮಾರು 95 ಜನ ಗುಣವಾಗಿದ್ದರು. ಇಡೀ ಜಗತ್ತಿನಲ್ಲಿ 1998ರಲ್ಲಿ ದಾಖಲಾದ ನಿದ್ರಾ ರೋಗಿಗಳು ಹತ್ತಿರ ಹತ್ತಿರ 40,000, ದಾಖಲಾಗದವರು ಅದರ ಎಷ್ಟೋ ಪಟ್ಟು. 2018ರಲ್ಲಿ ದಾಖಲಾದವರು 977.

*

ಪ್ರಶ್ನೆ: ಸಾವಿರಕ್ಕಿಂತ ಕಡಿಮೆ ರೋಗಿಗಳಿದ್ದರೆ ಇನ್ನೂ ಇದರ ಮೇಲೆ ಸಂಶೋಧನೆ ಯಾಕೆ? ಆ ದುಡ್ಡು ಕ್ಷಯರೋಗಕ್ಕೆ ಹೋಗಲಿ.
— ಬಿ.ಎಸ್ಸಿ. ವಿದ್ಯಾರ್ಥಿ, ಬಸವಕಲ್ಯಾಣ

ಕ್ಷಯಕ್ಕೆ ಹೆಚ್ಚು ಹಣ ಬೇಕು, ಒಪ್ಪಿದೆ ತಮ್ಮಾ. ಆದರೆ ಈ ಹುಳದಿಂದ ಜೀವಶಾಸ್ತ್ರ ಪಡೆದದ್ದನ್ನೂ ನೋಡು. 1986ರಲ್ಲಿ ಆಮ್‌ಸ್ಟರ್‌ಡ್ಯಾಮಿನ ರಾಬ್ ಬೆನ್ನೆ ತಂಡ ಈ ಹುಳ ಮತ್ತದರ ಬಳಗದಲ್ಲಿ ಒಂದು ವಿಚಿತ್ರ ಕಂಡಿತು. ಡಿಎನ್ಎಯಲ್ಲಿ ಬರೆಯದೇ ಇದ್ದ ಅಕ್ಷರಗಳನ್ನು ಹುಳ, ಡಿಎನ್ಎಯ ನಕಲಾದ ಆರ್‌ಎನ್ಎ ತಯಾರಾದ ಮೇಲೆ, ಅದರಲ್ಲಿ ಸೇರಿಸುತ್ತಿತ್ತು. ಆರ್‌ಎನ್ಎ ತಿದ್ದುಪಡಿ ಎಂಬ ವಿಷಯ ಶುರುವಾದದ್ದೇ ಅಲ್ಲಿಂದ. ಆ ಹೊದಿಕೆಯ ಪ್ರೋಟೀನನ್ನು ಪೊರೆಗೆ ಕಟ್ಟಿಹಾಕುವ ಜಿಪಿಐ ಎಂಬ ಕೊಂಡಿಯ ರಚನೆ 1988ರಲ್ಲಿ ಇದೇ ಹುಳದಲ್ಲಿ ಬಿಡಿಸಲಾಯಿತು. ಅಂಥದೇ ಕೊಂಡಿ ನಿನ್ನ ಜೀವಕೋಶಗಳಲ್ಲೂ ಇದೆ. ಅದು ಕೆಟ್ಟರೆ ಕೆಂಪು ರಕ್ತಕಣ ಒಡೆಯುವ ಒಂದು ಕಾಯಿಲೆ ಬರುತ್ತದೆ. ಇನ್ನು ಮೇಲೆ ಹೇಳಿದ ಎಪಿಒಎಲ್1. ರೊಡೇಸಿಯೆನ್ಸ್ ಹುಳವನ್ನೂ ಕೊಲ್ಲಬಲ್ಲ ಅದರ ಎರಡು ಬದಲಾದ ರೂಪಗಳು ಆಫ್ರಿಕಾ ಮೂಲದವರಲ್ಲಿ ಇವೆ. ಆದರೆ ತಂದೆ ತಾಯಿ ಇಬ್ಬರಿಂದಲೂ ಅವು ಬಂದರೆ ಮೂತ್ರಪಿಂಡ ಕೆಡುವ ಅಪಾಯ ಹೆಚ್ಚು ಎಂದು 2010ರಲ್ಲಿ ತಿಳಿಯಿತು. ಅಮೆರಿಕಾದ ಕಪ್ಪು ಜನರಲ್ಲಿ ಡಯಾಲಿಸಿಸ್ ಯಾಕೆ ಇಷ್ಟು ಹೆಚ್ಚು ಎಂಬ ಪ್ರಶ್ನೆಗೆ ಉತ್ತರದ ದೊಡ್ಡದೊಂದು ಭಾಗ ನೊಣದ ರೋಗದಲ್ಲಿ ಸಿಕ್ಕಿತು. ಯಾವ ಸಮಿತಿ ಇದಕ್ಕೆ ಮುಂಚಿತವಾಗಿ ಹಣ ಮಂಜೂರು ಮಾಡುತ್ತಿತ್ತು ಹೇಳು?

*

ಪ್ರಶ್ನೆ: ನಾನು ಪಶು ಚಿಕಿತ್ಸಾಲಯದಲ್ಲಿ ಸಹಾಯಕ. ಲಕ್ಷಣ ಎಲ್ಲಾ ಸರ್ರಾದ್ದೇ ಇರ್ತದ, ಸ್ಲೈಡಿನಾಗ ಏನೂ ಕಾಣಂಗಿಲ್ಲ. ಹೆಂಗ ನೋಡಬೇಕು?
— ಸುರಪುರ ಕಡೆಯಿಂದ

ಈ ಪ್ರಶ್ನೆಗೆ ನಾನು ಕಾಯುತ್ತಿದ್ದೆ.

ರಾಸ್ ಎಣಿಸಿದ ಅಲೆ ನೆನಪಿಡು. ಜ್ವರ ಬಿಟ್ಟ ದಿನ ರಕ್ತ ತೆಗೆದರೆ ಹುಳ ಸಿಗುವುದು ಕಷ್ಟ. ಜ್ವರ ಏರಿದ ದಿನವೇ ಕರೆಸು ಅಂತ ರೈತರಿಗೆ ಹೇಳು. ಕಿವಿಯ ಸಣ್ಣ ರಕ್ತನಾಳ ಚುಚ್ಚಿ ಒಂದು ಹನಿ ಸ್ಲೈಡಿನ ಮೇಲೆ ಹಾಕು, ಕವರ್ ಸ್ಲಿಪ್ ಮುಚ್ಚು, ಬಣ್ಣ ಗಿಣ್ಣ ಏನೂ ಬೇಡ, ಬೆಳಕು ಸ್ವಲ್ಪ ತಗ್ಗಿಸಿ ನಲವತ್ತರ ಮಸೂರದಲ್ಲಿ ತಕ್ಷಣ ನೋಡು. ಹುಳವನ್ನು ಹುಡುಕಬೇಡ. ಕೆಂಪು ಕಣಗಳನ್ನು ನೋಡುತ್ತಾ ಕೂಡು. ಎಲ್ಲ ಸುಮ್ಮನಿರುವ ಕಡೆ ಒಂದು ಮೂಲೆಯಲ್ಲಿ ಮೂರು ನಾಲ್ಕು ಕಣ ಯಾರೋ ತಳ್ಳಿದಂತೆ ಅಲುಗಾಡುತ್ತವೆ. ಅಲ್ಲಿಗೆ ಹೋಗು. ಕಣಕ್ಕಿಂತ ಮೂರು ನಾಲ್ಕು ಪಟ್ಟು ಉದ್ದದ, ಪಾರದರ್ಶಕವಾದ ಒಂದು ಎಳೆ ಒದ್ದಾಡುತ್ತಿರುತ್ತದೆ. ಅಂಚಿನುದ್ದಕ್ಕೂ ಪೊರೆ ಅಲೆಯಾಡುತ್ತದೆ. ಒಮ್ಮೆ ಕಂಡವರು ಮತ್ತೆ ತಪ್ಪುವುದಿಲ್ಲ.

ಹಾಗೂ ಕಾಣದಿದ್ದರೆ ಸಣ್ಣ ಗಾಜಿನ ನಳಿಗೆಯಲ್ಲಿ ರಕ್ತ ತುಂಬಿ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸು. ಕೆಂಪು ಕೆಳಗೆ, ತಿಳಿ ಮೇಲೆ, ನಡುವೆ ಬಿಳಿ ಕಣಗಳ ತೆಳು ಪದರ. ಹುಳ ಸೇರುವುದು ಆ ಪದರದ ಮೇಲಂಚಿನಲ್ಲಿ. ನಳಿಗೆಯನ್ನು ಹಾಗೇ ಸ್ಲೈಡಿನ ಮೇಲೆ ಮಲಗಿಸಿ ಆ ಅಂಚನ್ನು ನೋಡು. ಬರಿ ಹನಿಯಲ್ಲಿ ಸಿಗದ್ದು ಎಷ್ಟೋ ಸಲ ಇಲ್ಲಿ ಸಿಗುತ್ತದೆ.

ಬೀದರಕ್ಕೆ, ನಂದಿನಗರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕಡೆ ಮಾದರಿ ಕಳಿಸುವುದಾದರೆ ನೇರಳೆ ಮುಚ್ಚಳದ ಇಡಿಟಿಎ ನಳಿಗೆಯಲ್ಲಿ ತಂಪಾಗಿಟ್ಟು ಕಳಿಸು. ಈ ಹುಳ ರಕ್ತದ ಸಕ್ಕರೆಯನ್ನೇ ನೆಚ್ಚಿ ಬದುಕುವಂಥದ್ದು. ಸುರಪುರದ ಬಿಸಿಲಿನಲ್ಲಿ ಬಸ್ಸಿನ ಡಿಕ್ಕಿಯಲ್ಲಿ ಇಟ್ಟರೆ ತಲುಪುವ ಮುಂಚೆ ಸತ್ತು ಕರಗಿರುತ್ತದೆ, ಇಲ್ಲಿನವರು ‘ಇಲ್ಲ’ ಅಂತ ಬರೆದು ಕಳಿಸುತ್ತಾರೆ. ಅದಕ್ಕೇ ನಳಿಗೆ ಜೊತೆ ಒಂದು ತೆಳು ಲೇಪದ ಸ್ಲೈಡನ್ನು ಅಲ್ಲೇ ಒಣಗಿಸಿ, ಮೆಥನಾಲಿನಲ್ಲಿ ಅದ್ದಿ, ಕಾಗದದಲ್ಲಿ ಸುತ್ತಿ ಇಡು. ಅದಕ್ಕೆ ಜೀಮ್ಸಾ ಬಣ್ಣ ಇಲ್ಲಿ ಹಾಕಿಕೊಳ್ಳುತ್ತಾರೆ. ದನದ ಗುರುತು, ಜ್ವರದ ಡಿಗ್ರಿ, ರಕ್ತ ತೆಗೆದ ಹೊತ್ತು ಚೀಟಿಯಲ್ಲಿ ಬರೆ. ಇಷ್ಟಾದರೂ ಹುಳ ಸಿಗದೆ ಲಕ್ಷಣ ಮಾತ್ರ ಹಾಗೇ ಇದ್ದರೆ ಪ್ರತಿಕಾಯ ಪರೀಕ್ಷೆ, ಪಿಸಿಆರ್ ಇವೆ, ನಿಮ್ಮ ಡಾಕ್ಟರಿಗೆ ಹೇಳಿ ಬರೆಸು. ಔಷಧ ಮಾತ್ರ ಅಂದಾಜಿನಲ್ಲಿ ಅರ್ಧಮರ್ಧ ಕೊಡಿಸಬೇಡ. ಕಡಿಮೆ ಕೊಟ್ಟಷ್ಟೂ ಔಷಧಕ್ಕೆ ಬಗ್ಗದ ಹುಳವನ್ನು ನಾವೇ ಸಾಕಿದಂತಾಗುತ್ತದೆ. ಮಾಳೇಗಾಂವ ಜಾತ್ರೆಯಿಂದ ಕುದುರೆ, ಕತ್ತೆ ಕೊಂಡು ತಂದವರು ನಿಮ್ಮೂರಲ್ಲಿ ಯಾರಾದರೂ ಇದ್ದರೆ, ಹಳೆಯ ದನದ ಜೊತೆ ಕಟ್ಟುವ ಮುಂಚೆ ಅವುಗಳದೂ ಒಂದು ಹನಿ ನೋಡಿಬಿಡು.